ತಿರುಗಿ ನೋಡಬಾರದ ಗೇಟು

ಬೋರ್ಡಿನ ಮೇಲೆ 'ಮಲೈನಿಳಲ್ ಇಲ್ಲಂ' ಎಂದು ಬರೆದಿತ್ತು. ತಮಿಳಿನಲ್ಲಿ ಮಲೆಯ ನೆರಳಿನ ಮನೆ ಎಂದರ್ಥ. ವತ್ತಲಗುಂಡಿನಿಂದ ಕೊಡೈಕಾನಲ್ ಘಾಟಿಯ ಕಡೆ ಹೋಗುವ ರಸ್ತೆಯಲ್ಲಿ ಕನ್ನಡದವರು ಯಾರಾದರೂ ಬಸ್ಸಿಳಿದರೆ 'ಮಲೆ ನೆರಳು ಇಲ್ಲ' ಎಂದು ಓದಿಕೊಂಡಾರು. ಏಪ್ರಿಲ್ ತಿಂಗಳಲ್ಲಿ ಆ ಓದೇ ಸತ್ಯಕ್ಕೆ ಹತ್ತಿರ. ಆದರೆ ಅಲ್ಲಿ ಇಳಿಯುವ ಕನ್ನಡದವರು ಯಾರೂ ಇರಲಿಲ್ಲ. ಒಬ್ಬಳು ಇಳಿದಿದ್ದಳು, ಹತ್ತೊಂಬತ್ತು ವರ್ಷದ ಹಿಂದೆ, ಒಂದು ತಗಡಿನ ಪೆಟ್ಟಿಗೆ ಹಿಡಿದುಕೊಂಡು. ಆಮೇಲೆ ಅವಳು ಮತ್ತೆ ಬಸ್ಸು ಹತ್ತಿದ್ದು ಅಪರೂಪ.

ಅವಳು ಪೊನ್ನಮ್ಮಾಳ್. ಪೊನ್ನು ಎಂದರೆ ಚಿನ್ನ, ಅದರ ಬೆನ್ನಿಗೇ ಅಮ್ಮ. ಹೆಸರಿನಲ್ಲಿ ಎರಡೂ ಇದ್ದವು, ಬಾಳಿನಲ್ಲಿ ಎರಡೂ ಇರಲಿಲ್ಲ. ವಯಸ್ಸು ಐವತ್ತಾರು. ಹುಟ್ಟಿದ್ದು ಕಂಬಮ್ ಕಣಿವೆಯ ಹನುಮಂತನಪಟ್ಟಿಯಲ್ಲಿ, ಭತ್ತದ ಗದ್ದೆಯ ಅಂಚಿನ ಮನೆಯಲ್ಲಿ. ಮನೆಮಾತು ಕನ್ನಡ. ಯಾವ ಕಾಲದಲ್ಲೋ ದನ ಹೊಡೆದುಕೊಂಡು ಬಂದ ಒಕ್ಕಲು. ಯಾಕೆ ಬಂದರೆಂದು ಕೇಳಿದರೆ ಒಬ್ಬೊಬ್ಬ ಮುದುಕ ಒಂದೊಂದು ಕಥೆ ಹೇಳುತ್ತಿದ್ದ, ಎಲ್ಲ ಕಥೆಯಲ್ಲೂ ಒಂದು ಹಸು ಇರುತ್ತಿತ್ತು. ಕರ್ನಾಟಕವೆಂಬುದು ಕಾವೇರಿ ನೀರಿನ ಗಲಾಟೆಯಾದಾಗ ಮಾತ್ರ ಟಿವಿಯಲ್ಲಿ ಕಾಣಿಸುವ ದೇಶ. ಆಗ ಮನೆಯವರೆಲ್ಲ ಸೇರಿ ಅದನ್ನು ತಮಿಳಿನಲ್ಲಿ ಬೈದು, ಟಿವಿ ಆರಿಸಿ, ಕನ್ನಡದಲ್ಲಿ ಊಟಕ್ಕೆ ಕರೆಯುತ್ತಿದ್ದರು.

ಮದುವೆಯಾದ ಒಂಬತ್ತನೆಯ ವರ್ಷ ಗಂಡ ಕಾಮಾಲೆಯಲ್ಲಿ ಹೋದ. ಮಕ್ಕಳಾಗಿರಲಿಲ್ಲ. ಅಣ್ಣ ಮಾದವನ್ ಮನೆಯಲ್ಲಿ ಒಂದಷ್ಟು ದಿನ ಪಾತ್ರೆ ತೊಳೆದು, ಪಾತ್ರೆ ಎಲ್ಲಿ ತೊಳೆದರೂ ಒಂದೇ ಎಂದು ಇಲ್ಲಿಗೆ ಬಂದಳು. ತಾಯಿ ಇರುವ ತನಕ ವಾರಕ್ಕೊಮ್ಮೆ ಫೋನಿನಲ್ಲಿ ಕನ್ನಡ ನಡೆಯಿತು. ಹನ್ನೊಂದು ವರ್ಷದ ಹಿಂದೆ ತಾಯಿ ತೀರಿಕೊಂಡ ಮೇಲೆ ಅಣ್ಣನ ಮಗಳ ಜೊತೆ ಪ್ರಯತ್ನಿಸಿದಳು. ಆ ಹುಡುಗಿಗೆ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು. ನಮ್ಮ ಬಾವಿಗೆ ಕಲ್ಲು ಹಾಕಿದರೆ ಪಕ್ಕದ ಮನೆ ಬಾವಿಯಲ್ಲಿ ಸದ್ದಾದ ಹಾಗೆ. ಅಡುಗೆಮನೆಯ ಬೆಕ್ಕಿನ ಜೊತೆಗೂ ಆಡಿ ನೋಡಿದಳು. ತಮಿಳಿನಲ್ಲಿ ಬೆಳೆದ ಬೆಕ್ಕು. 'ಇಂಗೆ ವಾ' ಎಂದರೆ ಬರುತ್ತಿತ್ತು, 'ಇಲ್ಲಿ ಬಾ' ಎಂದರೆ ಬೇರೆ ಯಾರನ್ನೋ ಕರೆದರೆಂದು ಅತ್ತಿತ್ತ ನೋಡುತ್ತಿತ್ತು. ಕೊನೆಗೆ ಕನ್ನಡ ಉಳಿದದ್ದು ಬಟ್ಟೆ ಒಗೆಯುವ ಕಲ್ಲಿನ ಜೊತೆ, ಮತ್ತೆ ಸಂಜೆ ಮಕ್ಕಳನ್ನು ಎಣಿಸುವಾಗ. ಒಂದರಿಂದ ಹದಿನೆಂಟರವರೆಗೆ ದಿನಾ ತಪ್ಪದೆ ಮಾತಾಡುತ್ತಿದ್ದಳು ಎನ್ನಬಹುದು.

ಈ ಇಲ್ಲಂ ಒಂದು ವಸತಿ ಶಾಲೆ. ಮಾತು ತಡವಾದವರು, ಸಿಟ್ಟು ತಡೆಯಲಾಗದವರು, ಸದ್ದಿಗೆ ಬೆಚ್ಚುವವರು, ಬೆಚ್ಚಿದರೆ ಗೋಡೆಗೆ ತಲೆ ಚಚ್ಚಿಕೊಳ್ಳುವವರು, ಹೀಗೆ ಊರ ಶಾಲೆಗಳು 'ನಮ್ಮಿಂದ ಆಗದು' ಎಂದು ಕೈಮುಗಿದು ಕಳಿಸಿದ ಮಕ್ಕಳು ಇಲ್ಲಿ ಒಂದು ವರ್ಷ, ಹೆಚ್ಚೆಂದರೆ ಎರಡು ವರ್ಷ ಇದ್ದು ಕಲಿಯುತ್ತಿದ್ದರು. ಗೋಡೆಯ ತುಂಬ ಚಿತ್ರದ ವೇಳಾಪಟ್ಟಿ: ಹಲ್ಲುಜ್ಜುವ ಬ್ರಶ್ಶು, ಇಡ್ಲಿ, ಪುಸ್ತಕ, ಉಯ್ಯಾಲೆ. ಮಾತು ಬಾರದವರ ಕೊರಳಲ್ಲಿ ಚಿತ್ರದ ಕಾರ್ಡುಗಳ ಗೊಂಚಲು. ತರಗತಿ ಟೀಚರುಗಳದು, ಚಿಕಿತ್ಸೆ ಮನಶ್ಶಾಸ್ತ್ರದ ತಮಿಳರಸಿ ಮಿಸ್ಸಿನದು. ಉಳಿದ ಹದಿನೆಂಟು ಗಂಟೆ ಪೊನ್ನಮ್ಮಾಳದು. ಹುಡುಗಿಯರ ಬ್ಲಾಕಿನ ಮನೆತಾಯಿ ಎಂಬುದು ಅವಳ ಹುದ್ದೆ. ಹದಿನೆಂಟು ಮಕ್ಕಳಿಗೆ ತಾಯಿ, ಎಲ್ಲರಿಗೂ ಒಂದೊಂದೇ ವರ್ಷ. ಮಾವಿನ ಮರಕ್ಕಾದರೂ ವರ್ಷ ಬಿಟ್ಟು ವರ್ಷ ಪುರುಸೊತ್ತು ಇರುತ್ತದೆ.

ಜೂನಿನಲ್ಲಿ ಯುವಶ್ರೀ ಬಂದಳು. ಹದಿಮೂರು ವರ್ಷ, ಎಣ್ಣೆ ಹಾಕಿ ಬಿಗಿದು ಹೆಣೆದ ಎರಡು ಜಡೆ, ಕೈಯಲ್ಲಿ ಒಣಗಿದ ದ್ರಾಕ್ಷಿ ಬಳ್ಳಿಯ ಒಂದು ಗೇಣು ತುಂಡು. ಕರೆತಂದವನು ಅಪ್ಪ ವೇಲುಸಾಮಿ, ಓಡೈಪಟ್ಟಿಯ ದ್ರಾಕ್ಷಿ ತೋಟದವನು. ತೋರಿಸಿದ ಕಡೆಯೆಲ್ಲ ಸಹಿ ಹಾಕಿದ. ಮಗಳ ತಲೆಯ ಮೇಲೆ ಕೈ ಇಟ್ಟು ಬಾಯಲ್ಲಿ ಏನೋ ಗೊಣಗಿದ. ಆಮೇಲೆ ಎದ್ದು, ಅಂಗಳ ದಾಟಿ, ಗೇಟು ದಾಟಿ, ರಸ್ತೆ ದಾಟಿ ಬಸ್ ಸ್ಟಾಪಿನ ಹುಣಸೆ ಮರದಡಿ ಹೋಗಿ ಆಚೆ ಮುಖ ಮಾಡಿ ನಿಂತ. ಬಸ್ಸು ಬರಲು ಮುಕ್ಕಾಲು ಗಂಟೆಯಾಯಿತು. ಒಮ್ಮೆಯೂ ತಿರುಗಿ ನೋಡಲಿಲ್ಲ.

ಕಿಟಕಿಯಿಂದ ನೋಡುತ್ತಿದ್ದ ತಮಿಳರಸಿ ಅದನ್ನು ಕಡತದಲ್ಲಿ ಬರೆದುಕೊಂಡಳು: ತಂದೆ ತಿರುಗಿ ನೋಡಲಿಲ್ಲ, ಮನೆಯವರ ಬಾಂಧವ್ಯ ದುರ್ಬಲವಿರಬಹುದು. ಅವಳು ದಿಂಡಿಗಲ್ಲಿನವಳು, ಇಪ್ಪತ್ತೇಳು ವರ್ಷ, ಒಳ್ಳೆಯ ಹುಡುಗಿ. ಬೀಗಕ್ಕೆ ಹೆಸರಾದ ಊರಲ್ಲಿ ಹುಟ್ಟಿದ್ದಕ್ಕೋ ಏನೋ, ಪ್ರತಿ ಮನಸ್ಸಿಗೂ ಒಂದು ಕೀಲಿಕೈ ಇದ್ದೇ ಇದೆ ಎಂಬ ನಂಬಿಕೆ. ಪಕ್ಕದಲ್ಲಿ ನೆಲ ಒರೆಸುತ್ತಿದ್ದ ಪೊನ್ನಮ್ಮಾಳ್ ಕೂಡ ಆ ಬೆನ್ನನ್ನು ನೋಡಿದ್ದಳು. ಇಂಥ ಬೆನ್ನನ್ನು ಎಲ್ಲೋ ಕಂಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಬಕೆಟ್ಟಿನ ನೀರು ಬದಲಾಯಿಸುವಷ್ಟರಲ್ಲಿ ನೆನಪಾಯಿತು. ನೆನಪಾದದ್ದನ್ನು ಅವಳು ಯಾರಿಗೂ ಹೇಳಲಿಲ್ಲ. ಯಾರೂ ಕೇಳಲೂ ಇಲ್ಲ.

ಮೊದಲ ವಾರದ ವರದಿಯಲ್ಲಿ ಯುವಶ್ರೀಯ ಹೆಸರಿನ ಮುಂದೆ 'ಮಾತಿಲ್ಲ, ಅರ್ಥವಿಲ್ಲದ ಧ್ವನಿಗಳು' ಎಂದಿತ್ತು. ಎರಡನೆಯ ವಾರ ಒಂದು ಸಂಜೆ ಪೊನ್ನಮ್ಮಾಳ್ ಹಿತ್ತಿಲ ಕಟ್ಟೆಯ ಮೇಲೆ ನುಗ್ಗೆ ಸೊಪ್ಪು ಬಿಡಿಸುತ್ತ ಕೂತಿದ್ದಳು. ಹುಡುಗಿ ಬಂದು ಎದುರು ಕುಕ್ಕರಗಾಲಲ್ಲಿ ಕೂತು, ಒಂದು ಕಡ್ಡಿ ಎತ್ತಿಕೊಂಡು, ಹಳದಿ ಎಲೆಗಳನ್ನಷ್ಟೇ ಉಗುರಿನಿಂದ ಚಿವುಟಿ ಕೆಳಗೆ ಹಾಕತೊಡಗಿದಳು. ಎಂಥ ಕೈ ಎಂದರೆ ಹಸಿರೆಲೆಯೊಂದು ಅಲುಗುತ್ತಿರಲಿಲ್ಲ. ದ್ರಾಕ್ಷಿ ಗೊಂಚಲಿನಲ್ಲಿ ಸಣ್ಣ ಕಾಯಿ, ಕೆಟ್ಟ ಕಾಯಿ ಕತ್ತರಿಸಿ ಉಳಿದವಕ್ಕೆ ಜಾಗ ಮಾಡಿಕೊಡುವ ಕೈ ಅದು. ಮಲೆಯ ಹಿಂದೆ ಹೊತ್ತು ಇಳಿಯುತ್ತಿದ್ದಂತೆ ಹುಡುಗಿ, ಯಾರನ್ನೂ ನೋಡದೆ, ಮುದುಕಿಯೊಬ್ಬಳ ಗೊಗ್ಗರು ದನಿಯಲ್ಲಿ ಹೇಳಿದಳು:

"ಕತ್ರಿ ಕೊಡೆ, ಬೆಳ್ಕು ಹೋಯ್ತದೆ."

ಪೊನ್ನಮ್ಮಾಳ್ ಕೈಯಲ್ಲಿದ್ದ ಕಡ್ಡಿಯನ್ನು ಕೆಳಗಿಟ್ಟಳು. ತಾನೇ ಅಂದೆನೇನೋ ಎಂದು ಅನುಮಾನ. ಆಮೇಲೆ ಗಂಟಲು ಸರಿಮಾಡಿಕೊಂಡು, "ಕತ್ರಿ ಇಲ್ಲ ಮಗ, ಉಗುರಾಗೇ ಕೀಳು," ಎಂದಳು. ಹನ್ನೊಂದು ವರ್ಷದ ಮೇಲೆ ಕನ್ನಡದ ಮಾತಿಗೆ ಉತ್ತರವಾಗಿ ಆಡಿದ ಕನ್ನಡ. ತುಕ್ಕು ಹಿಡಿದ ರಾಟೆಯ ಹಾಗೆ ಕಿರುಗುಟ್ಟುತ್ತ ಬಂತು. ಹುಡುಗಿ ಅವಳ ಮುಖವನ್ನು ನೋಡಿದಳು. ಇಲ್ಲಂಗೆ ಬಂದ ಮೇಲೆ ಅವಳು ಮುಖವೊಂದನ್ನು ನೋಡಿದ್ದು ಅದೇ ಮೊದಲು.

ಮರುದಿನ ಪೊನ್ನಮ್ಮಾಳ್ ಇದನ್ನು ತಮಿಳರಸಿಗೆ ಹೇಳಿದಳು. ತಮಿಳರಸಿ ಕುಣಿದಾಡುವುದೊಂದು ಬಾಕಿ. 'ಮಾತಿಲ್ಲ' ಎಂಬುದನ್ನು ಹೊಡೆದುಹಾಕಿ, ಮನೆಮಾತು ಕನ್ನಡ, ಅಜ್ಜಿಯ ವಾಕ್ಯಗಳನ್ನು ಇಡಿಯಾಗಿ ಮರಳಿ ಆಡುತ್ತಾಳೆ ಎಂದು ಬರೆದಳು. ಹುಡುಗಿ ತೋಟದಲ್ಲಿ ಅಜ್ಜಿಯ ಸೆರಗು ಹಿಡಿದೇ ಬೆಳೆದವಳು, ಅಜ್ಜಿಯ ಬಾಯಿಂದ ಬಂದದ್ದು ಬಿಟ್ಟರೆ ಬೇರೆ ಭಾಷೆ ಅವಳ ಕಿವಿಗೆ ಗಾಡಿಯ ಹಾರನ್ನಿನ ಜಾತಿ. ಅಂದಿನಿಂದ ಯುವಶ್ರೀಯ ಪಾಠದ ಗಂಟೆಯಲ್ಲಿ ಪೊನ್ನಮ್ಮಾಳ್‌ಗೂ ಒಂದು ಕುರ್ಚಿ ಬಂತು. ಸದ್ದು ಜಾಸ್ತಿಯಾದರೆ ಗೋಡೆಗೆ ತಲೆ ಹೊಡೆಯುವ ಬದಲು ಕಿವಿಯ ಚಿತ್ರದ ಕಾರ್ಡು ತೋರಿಸಬೇಕು ಎಂಬುದನ್ನು ಹುಡುಗಿ ಎರಡು ತಿಂಗಳಲ್ಲಿ ಕಲಿತಳು. ಒಂದು ಸಲ ಪ್ರಾರ್ಥನೆಯ ಮೈಕಿಗೇ ಆ ಕಾರ್ಡು ತೋರಿಸಿದಳು. ಯಜಮಾನ ಈಶ್ವರನ್ ಸಾರ್ ಮೈಕು ಆರಿಸಿದರು. ಹತ್ತೊಂಬತ್ತು ವರ್ಷದಿಂದ ಎಲ್ಲರೂ ಬಯಸಿದ್ದನ್ನು ಒಬ್ಬಳು ಕಾರ್ಡಿನಲ್ಲಿ ಸಾಧಿಸಿದ್ದಳು.

ಸಂಜೆ ಕಟ್ಟೆಯ ಮೇಲಿನ ಹೊತ್ತು ಇಬ್ಬರದೇ. ಹುಡುಗಿಗೆ ಒಟ್ಟು ನಲವತ್ತು ವಾಕ್ಯ ಬರುತ್ತಿದ್ದಿರಬಹುದು, ಎಲ್ಲವೂ ಅಜ್ಜಿಯವು. ನಲವತ್ತೇನು ಕಡಿಮೆಯೆ. ಎಷ್ಟೋ ಸಂಸಾರಗಳು ಇನ್ನೂ ಕಡಿಮೆಯಲ್ಲಿ ನಡೆಯುತ್ತವೆ. 'ಮೋಡ ನೋಡು, ಕಳ್ಳನಂಗೆ ಬತ್ತಾದೆ' ಎಂದು ಹುಡುಗಿ ಹೇಳಿದರೆ ಪೊನ್ನಮ್ಮಾಳ್ ಹನುಮಂತನಪಟ್ಟಿಯ ಮಳೆಯ ಕಥೆ ಹೇಳುತ್ತಿದ್ದಳು, ಸತ್ತ ತಾಯಿಯ ಕಥೆ, ಗಂಡ ಮದುವೆಯ ದಿನ ಚಪ್ಪಲಿ ಕಳೆದುಕೊಂಡ ಕಥೆ. ಮರೆತೇ ಹೋಗಿದ್ದ ಮಾತುಗಳು, ಒರಳು, ಮೊರ, ಸಂದೂಕು, ಒಂದೊಂದಾಗಿ ಬಾಯಿಗೆ ಬಂದು ಕೂರುತ್ತಿದ್ದವು. ಹುಡುಗಿ ಅವಳನ್ನು ಅತ್ತೆ ಎಂದು ಕರೆಯತೊಡಗಿದಳು. ಬಟ್ಟೆ ಒಗೆಯುವ ಕಲ್ಲಿಗೆ ಕೆಲಸ ಹೋಯಿತು.

ಒಂದು ವಾಕ್ಯ ಮಾತ್ರ ಕಟ್ಟೆಯ ಮೇಲೆ ಬರುತ್ತಿರಲಿಲ್ಲ. ಅದು ದಿನಾ ಐದು ಗಂಟೆಗೆ ಗೇಟಿನ ಹತ್ತಿರ ಬರುತ್ತಿತ್ತು. ಹುಡುಗಿ ಕಂಬಿ ಹಿಡಿದು ನಿಂತು, ರಸ್ತೆಯ ಆಚೆಯ ಹುಣಸೆ ಮರ ನೋಡುತ್ತ, ಅಜ್ಜಿಯ ದನಿಯಲ್ಲಿ ಹೇಳುವಳು: "ಬತ್ತೀನಿ ಇರು, ಎಲ್ಲೂ ಹೋಗ್ಬ್ಯಾಡ." ಮೂರು ಸಲ. ಆಮೇಲೆ ಕಟ್ಟೆಗೆ ಬಂದು ಕೂರುವಳು. ಪೊನ್ನಮ್ಮಾಳ್ ಆ ಹೊತ್ತಿಗೆ ಸರಿಯಾಗಿ ಹಿತ್ತಿಲ ಬಾವಿಯಲ್ಲಿ ನೀರು ಸೇದುವ ಕೆಲಸ ಇಟ್ಟುಕೊಳ್ಳುತ್ತಿದ್ದಳು. ಮೋಟರು ಇತ್ತು. ಆದರೂ ಸೇದುತ್ತಿದ್ದಳು.

ಇಲ್ಲಂನ ನಿಯಮ ಹೀಗೆ: ವರ್ಷಕ್ಕೆ ಮೂರು ಪರಿಶೀಲನೆ, ಅಕ್ಟೋಬರಿನಲ್ಲಿ, ಜನವರಿಯಲ್ಲಿ, ಏಪ್ರಿಲಿನಲ್ಲಿ. ಮನೆಯವರು ಬಂದು ಕೂತು, ಮಗು ಕಲಿತದ್ದನ್ನು ತಾವೂ ಕಲಿಯಬೇಕು. ವರ್ಷದ ಕೊನೆಗೆ ಮಗು ಮನೆಗೆ ಹೋಗುತ್ತದೆ, ವಾರಕ್ಕೆರಡು ದಿನ ಹತ್ತಿರದ ಪಟ್ಟಣದ ಕೇಂದ್ರದಲ್ಲಿ ಅಭ್ಯಾಸ. ಮೂರರಲ್ಲಿ ಒಂದಕ್ಕೂ ಯಾರೂ ಬಾರದಿದ್ದರೆ ಸೇಲಂನ ಕಾಯಂ ವಾಸದ ಮನೆ. ಅದೂ ಕೆಟ್ಟದ್ದಲ್ಲ, ಶುಭ್ರವಾಗಿದೆ, ತೋಟ ಇದೆ. ಆದರೆ ಅಲ್ಲಿಗೆ ಹೋದವರು ಅಲ್ಲೇ.

ಅಕ್ಟೋಬರಿನಲ್ಲಿ ಓಡೈಪಟ್ಟಿಯಿಂದ ಯಾರೂ ಬರಲಿಲ್ಲ. ಫೋನು ಮಾಡಿದರೆ ವೇಲುಸಾಮಿ ವಿನಯವಾಗಿ, ನಿಮಗೆ ಗೊತ್ತಿರೋದು ನಮಗೇನು ಗೊತ್ತು ಸಾರ್, ಅಮ್ಮ ಬೇಡ ಅಂತಾರೆ, ಮಗು ಸೌಖ್ಯವೇ ಎಂದಷ್ಟೇ ಕೇಳಿ ಇಟ್ಟುಬಿಡುತ್ತಿದ್ದ. ತಮಿಳರಸಿಗೆ ಸಂಕಟ. ಕೈ ತೊಳೆದುಕೊಂಡುಬಿಟ್ಟರು ಪಾಪ ಎಂದಳು. ಹೌದು ಪಾಪ ಎಂದು ಪೊನ್ನಮ್ಮಾಳ್ ತಲೆ ಆಡಿಸಿದಳು.

ಅವಳಿಗೆ ಗೊತ್ತಿತ್ತು, ಕೈ ತೊಳೆದುಕೊಂಡದ್ದಲ್ಲ. ಕಂಬಮ್‌ನಲ್ಲಿ ಅವರ ಒಕ್ಕಲಿನ ದೇವರ ದನಗಳ ದೊಡ್ಡಿ ಇದೆ, ತೊಳು ಎನ್ನುತ್ತಾರೆ. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ಬಂದದ್ದು ತಪ್ಪಿದರೆ ಒಂದು ಕರುವನ್ನು ತೊಳುವಿಗೆ ಹರಕೆ ಕೊಡುವುದುಂಟು. ಪೊನ್ನಮ್ಮಾಳ್‌ನ ತವರಿನಲ್ಲಿ ಅದಕ್ಕೊಂದು ಕ್ರಮ. ಕರುವಿನ ತಲೆಯ ಮೇಲೆ ಕೈ ಇಟ್ಟು, ದೇವರನ್ನು ನೆನೆದು ನಿಂದು ನಿನಗೆ ಎಂದು ಗೊಣಗಿ, ಬೆನ್ನು ತಿರುಗಿಸಿ ಬರಬೇಕು. ತಿರುಗಿ ನೋಡಬಾರದು, ನೋಡಿದರೆ ಆ ನೋಟ ಹಿಡಿದುಕೊಂಡು ಕರು ಹಿಂದೆಯೇ ಮನೆಗೆ ಬಂದುಬಿಡುತ್ತದೆ, ಬಂದರೆ ಹರಕೆ ಮುರಿಯುತ್ತದೆ, ತಪ್ಪಿದ್ದ ಆಪತ್ತು ಹಾದಿ ಹಿಡಿದು ವಾಪಸು ಬರುತ್ತದೆ. ಕೊಟ್ಟದ್ದನ್ನು ಆಮೇಲೆ ಹೆಸರು ಹಿಡಿದು ಕೂಗುವಂತಿಲ್ಲ. ಹಬ್ಬದ ದಿನ ಹೋದರೆ ದೂರದಿಂದ ನೋಡಬಹುದು, ಅಷ್ಟೆ. ಅವಳ ಅಪ್ಪ ಒಂದು ಕಪ್ಪು ಕರು ಕೊಟ್ಟು ಬಂದ ದಿನ ಇಡೀ ದಾರಿ ಮುಖ ಸೆಟೆದುಕೊಂಡು ನಡೆದಿದ್ದ. ವೇಲುಸಾಮಿಯ ಬೆನ್ನು ಆ ಬೆನ್ನು. ಈ ಜನ ಮಗುವನ್ನು ಬಿಟ್ಟದ್ದಲ್ಲ, ಕೊಟ್ಟದ್ದು. ಗೇಟು, ಗಂಟೆ, ದೊಡ್ಡ ಅಂಗಳ, ಹೊತ್ತುಹೊತ್ತಿಗೆ ಮೇವು. ಇಲ್ಲಂ ಅವರಿಗೆ ತೊಳುವಾಗಿ ಕಂಡಿತ್ತು.

ಇದನ್ನು ಹೇಳಲು ಎರಡು ನಿಮಿಷ ಸಾಕಿತ್ತು. ತಮಿಳರಸಿ ಆ ದಿನವೇ ಓಡೈಪಟ್ಟಿಗೆ ಹೊರಡುತ್ತಿದ್ದಳು. ಮನೆಯವರು ಬರುತ್ತಿದ್ದರು, ಕಲಿಯುತ್ತಿದ್ದರು, ಏಪ್ರಿಲಿನಲ್ಲಿ ಹುಡುಗಿ ಹೋಗುತ್ತಿದ್ದಳು. ಏಪ್ರಿಲಿನ ಆಚೆ ಕಟ್ಟೆ ಇತ್ತು, ನುಗ್ಗೆ ಸೊಪ್ಪು ಇತ್ತು, ಕಲ್ಲು ಇತ್ತು. ಯಾರೂ ಬಾರದಿದ್ದರೆ ಇನ್ನೊಂದು ವರ್ಷ ಇಲ್ಲೇ ಇಟ್ಟುಕೊಂಡಾರು ಎಂಬ ಆಸೆಯೂ ಇತ್ತು. ಜನವರಿಯಲ್ಲಿ ಹೇಳಿದರಾಯಿತು ಎಂದುಕೊಂಡಳು ಪೊನ್ನಮ್ಮಾಳ್. ಬಾಯಿ ಮುಚ್ಚಿಕೊಳ್ಳುವುದು ಅವಳಿಗೆ ಹೊಸದೇನಲ್ಲ, ಹನ್ನೊಂದು ವರ್ಷದ ಅಭ್ಯಾಸ.

ದನಗಳ ಹಬ್ಬ ಮಾಟ್ಟು ಪೊಂಗಲ್ ದಿನ ಮಕ್ಕಳಿಗೆ ಕಬ್ಬು ಹಂಚುತ್ತಿದ್ದರು. ಗೇಟಿನ ಹತ್ತಿರದಿಂದ ಯುವಶ್ರೀ, ಯಾರ ದನಿಯಲ್ಲೂ ಅಲ್ಲ, ತನ್ನದೇ ದನಿಯಲ್ಲಿ "ಅವ್ವೆ" ಎಂದಳು. ಅವರ ಮನೆಗಳಲ್ಲಿ ಅವ್ವೆ ಎಂದರೆ ಅಜ್ಜಿ. ಪೊನ್ನಮ್ಮಾಳ್ ಹೋಗಿ ನೋಡಿದಳು. ಹುಣಸೆ ಮರದ ಕೆಳಗೆ ಒಬ್ಬ ಮುದುಕಿ ಬುಟ್ಟಿ ಕಂಕುಳಲ್ಲಿಟ್ಟುಕೊಂಡು ನಿಂತಿದ್ದಳು. ಬಸ್ ಸ್ಟಾಪು ಎಂದ ಮೇಲೆ ಮುದುಕಿಯರು ನಿಲ್ಲುತ್ತಾರೆ. ಹಬ್ಬ ಎಂದ ಮೇಲೆ ಬುಟ್ಟಿ ಇರುತ್ತದೆ. ಹಾಗೆಂದು ಪೊನ್ನಮ್ಮಾಳ್ ತನಗೆ ತಾನೇ ಹೇಳಿಕೊಂಡು, ಹುಡುಗಿಯ ಕೈಗೆ ಕಬ್ಬಿನ ಜಲ್ಲೆ ಕೊಟ್ಟು ಒಳಕ್ಕೆ ಕರೆದುಕೊಂಡು ಹೋದಳು. ಹುಡುಗಿ ಅಂದು ಕಬ್ಬು ತಿನ್ನಲಿಲ್ಲ. ಕಿವಿಯ ಚಿತ್ರದ ಕಾರ್ಡು ಹಿಡಿದುಕೊಂಡು ಮೂಲೆಯಲ್ಲಿ ಕೂತಳು, ಸದ್ದೇನೂ ಇರದಿದ್ದರೂ.

ಜನವರಿಯ ಪರಿಶೀಲನೆಗೂ ಯಾರೂ ಬರಲಿಲ್ಲ. ಪೊನ್ನಮ್ಮಾಳ್ ಆಗಲೂ ಹೇಳಲಿಲ್ಲ.

ಏಪ್ರಿಲಿಗೂ ಯಾರೂ ಬರಲಾರರೆಂದು ಈಶ್ವರನ್ ಸಾರ್ ಮಾರ್ಚಿನ ಕೊನೆಗೇ ಸೇಲಂಗೆ ಕಾಗದ ಕಳಿಸಿದರು. ಜಾಗ ಬದಲಾಗುವ ಮಗುವಿಗೆ ಮುಂಚೆಯೇ ಚಿತ್ರದ ಪುಸ್ತಕ ಮಾಡಿ ದಿನಾ ಓದಿ ಹೇಳುವುದು ಇಲ್ಲಂನ ಪದ್ಧತಿ. ಹೊಸದು ಒಮ್ಮೆಲೇ ಮೈಮೇಲೆ ಬೀಳಬಾರದು. ತಮಿಳರಸಿ ಎಂಟು ಪುಟದ ಪುಸ್ತಕ ಅಂಟಿಸಿ ತಂದಳು: ವ್ಯಾನು, ಸೇಲಂ ಮನೆಯ ಬಾಗಿಲು, ಮಂಚ, ಊಟದ ತಟ್ಟೆ, ಅಲ್ಲಿನ ಆಯಾ ನಗುತ್ತಿರುವ ಫೋಟೋ. ಕೆಳಗೆ ತಮಿಳಿನ ಸಾಲುಗಳು. ನೀವೇ ಕನ್ನಡ ಮಾಡಿ ಓದಿ ಹೇಳಬೇಕು ಅಕ್ಕಾ, ನಿಮ್ಮ ಬಾಯಿಂದಾದರೆ ನಂಬುತ್ತಾಳೆ ಎಂದಳು.

ಪೊನ್ನಮ್ಮಾಳ್ ಕಟ್ಟೆಯ ಮೇಲೆ ಕೂತು ಓದಿದಳು. ಇದು ವ್ಯಾನು. ಇದು ಹೊಸ ಮನೆ. ಇದು ನಿನ್ನ ಮಂಚ. ಹುಡುಗಿ ಪ್ರತಿ ಚಿತ್ರದ ಮೇಲೂ ಬೆರಳಿಟ್ಟಳು. ಏಳನೆಯ ಪುಟದಲ್ಲಿ ಆಯಾಳ ಫೋಟೋ, ಕೆಳಗೆ 'ಇವರು ನಿನ್ನ ಜೊತೆ ಮಾತಾಡುತ್ತಾರೆ' ಎಂದಿತ್ತು. ಪೊನ್ನಮ್ಮಾಳ್ ಬಾಯಿ ತೆರೆದಳು. ಆ ಸಾಲು ಕನ್ನಡಕ್ಕೆ ಬರಲು ಒಪ್ಪಲಿಲ್ಲ. ಕನ್ನಡದಲ್ಲಿ ಹೇಳಿದರೆ ಸುಳ್ಳಾಗುತ್ತಿತ್ತು.

ಹುಡುಗಿ ಪುಟ ತಿರುಗಿಸಿ, ಕೊನೆಯ ಪುಟದ ನಂತರ ಇನ್ನೊಂದು ಪುಟವಿದೆಯೇ ಎಂದು ರಟ್ಟಿನ ಹಿಂದೆ ನೋಡಿದಳು. ಏನೂ ಇರಲಿಲ್ಲ. ಹೊತ್ತು ಐದಾಗಿತ್ತು. ಎದ್ದು ಗೇಟಿಗೆ ಹೋಗಿ ಕಂಬಿ ಹಿಡಿದಳು. "ಬತ್ತೀನಿ ಇರು, ಎಲ್ಲೂ ಹೋಗ್ಬ್ಯಾಡ." ಪೊನ್ನಮ್ಮಾಳ್ ಅಂದು ಬಾವಿಗೆ ಹೋಗಲಿಲ್ಲ. ಹಿಂದೆ ನಿಂತು ಮೂರು ಸಲವೂ ಕೇಳಿದಳು. ಎಲ್ಲೂ ಹೋಗಬೇಡ ಎಂದದ್ದಕ್ಕೆ ಹತ್ತು ತಿಂಗಳು ಒಂದೇ ಕಡೆ ನಿಂತು ಕಾದ ಮಗುವಿಗೆ ತಾನು ವ್ಯಾನಿನ ಚಿತ್ರ ತೋರಿಸುತ್ತಿದ್ದೇನೆ ಎಂಬುದು ಆಗ ಎದೆಗೆ ತಾಗಿತು.

ಮರುದಿನ ಹಲ್ಲು ನೋವೆಂದು ರಜೆ ಕೇಳಿ ಬಸ್ಸು ಹತ್ತಿದಳು. ಪೆರಿಯಕುಳಂ, ತೇನಿ, ಚಿನ್ನಮನೂರು. ಅಲ್ಲಿಂದ ಟೌನ್ ಬಸ್ಸು. ದಾರಿಯುದ್ದಕ್ಕೂ ಹಲ್ಲು ನಿಜವಾಗಿಯೇ ನೋಯತೊಡಗಿತು. ದೇವರಿಗೆ ಇಂಥ ಸಣ್ಣ ಲೆಕ್ಕಗಳಲ್ಲಿ ಭಾರೀ ಶಿಸ್ತು.

ತೋಟದಲ್ಲಿ ಚಪ್ಪರದ ತುಂಬ ಹಸಿರು ಗೊಂಚಲು ಇಳಿಬಿದ್ದಿದ್ದವು. ಎಲ್ಲರೂ ಬಗ್ಗಿಕೊಂಡೇ ನಡೆಯಬೇಕು; ಅಜ್ಜಿ ಅಳಗಮ್ಮಾಳ್ ಮಾತ್ರ ನೆಟ್ಟಗೆ ನಿಂತಿದ್ದಳು, ವಯಸ್ಸು ಅವಳನ್ನು ಅಷ್ಟು ಕುಗ್ಗಿಸಿತ್ತು. ಕೈಯಲ್ಲಿ ಕತ್ತರಿ. ಆ ಬುಟ್ಟಿ ಪಕ್ಕದಲ್ಲಿತ್ತು, ಪೊಂಗಲ್ ದಿನದ ಬುಟ್ಟಿ. ಪೊನ್ನಮ್ಮಾಳ್ ತಾನು ಯಾರೆಂದು ಹೇಳಿಕೊಂಡಳು. ಹನುಮಂತನಪಟ್ಟಿಯ ಯಾರ ಮಗಳು, ಯಾವ ಬೀದಿ, ಕಪ್ಪು ಕರು ಕೊಟ್ಟ ಮನೆಯೇ ಎಂಬ ವಿಚಾರಣೆಯೆಲ್ಲ ಮುಗಿದ ಮೇಲೆ ಮುದುಕಿ ಕತ್ತರಿ ಆಡಿಸುತ್ತಲೇ, ಮಗುವಿನ ಹೆಸರೆತ್ತದೆ, 'ಅದು' ಮೇಯುತ್ತಿದೆಯೇ ಎಂದು ಕೇಳಿದಳು.

ಆಮೇಲೆ ಒಂದೊಂದಾಗಿ ಹೊರಬಂತು. ಹೋದ ವರ್ಷ ಮಗು ಹಾರನ್ನಿಗೆ ಬೆದರಿ ರಸ್ತೆಗೆ ಓಡಿತ್ತು. ಲಾರಿ ಒಂದು ಮೊಳ ದೂರದಲ್ಲಿ ನಿಂತಿತ್ತು. ಅಲ್ಲೇ ಟಾರಿನ ಮೇಲೆ ಕೂತು ಮುದುಕಿ ಹರಕೆ ಹೊತ್ತಿದ್ದಳು: ಉಳಿಸಿದ್ದಕ್ಕೆ ನಿನಗೇ ಕೊಟ್ಟೆ. ಹೇಗೆ ಕೊಡುವುದೆಂದು ತಿಳಿದಿರಲಿಲ್ಲ. ಡಾಕ್ಟರು ಇಲ್ಲಂ ಎಂದಾಗ ದಾರಿ ಕಂಡಿತು. ಕರೆತಂದರೆ ಲಾರಿ ಮತ್ತೆ ಬರುತ್ತದೆ.

"ಪೊಂಗಲ್‌ಗೆ ಬಂದಿದ್ದೆ," ಎಂದಳು ಮುದುಕಿ. "ರೋಡ್ ಆಚೆ ನಿಂತಿದ್ದೆ. ಕೂಗ್ಲಿಲ್ಲ. ಅದು ಕೂಗ್ತು."

"ಕೇಳಿಸ್ತು ಅತ್ತೆ. ನಾನೇ ಒಳಕ್ಕೆ ಕರ್ಕೊಂಡು ಹೋದೆ."

ಕತ್ತರಿ ನಿಂತಿತು.

"ನೀವ್ ಯಾಕ್ ಬರಾಕಿಲ್ಲ ಅನ್ನೋದು ನಂಗೆ ಜೂನಿಂದ ಗೊತ್ತು," ಎಂದಳು ಪೊನ್ನಮ್ಮಾಳ್. "ಯಾರ್ಗೂ ಹೇಳ್ಲಿಲ್ಲ."

"ಹತ್ತು ತಿಂಗ್ಳು ಬಾಯ್ ಮುಚ್ಕೊಂಡಿದ್ಯಾ? ಯಾಕೆ?"

"ಮಾತಾಡಾಕೆ ಆಳು ಸಿಕ್ಕಿತ್ತು, ಅದ್ಕೆ."

ಮುದುಕಿ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬೈಯುವ ಮಾತು ಬಾಯಿಯ ತನಕ ಬಂದದ್ದು ಕಾಣುತ್ತಿತ್ತು. ಆದರೆ ಮುದುಕಿಯೂ ಹತ್ತು ತಿಂಗಳು ಚಪ್ಪರದಡಿ ಒಬ್ಬಳೇ ಕತ್ತರಿ ಆಡಿಸಿದವಳು. "ಕಳ್ಳಿ," ಎಂದಳು, ಅಷ್ಟೆ. ಆಮೇಲೆ, "ಈಗ್ ಏನ್ ಮಾಡದು. ಕೊಟ್ಟಾಯ್ತು."

ಪೊನ್ನಮ್ಮಾಳ್ ಬಸ್ಸಿನಲ್ಲಿ ಕಟ್ಟಿಕೊಂಡು ಬಂದಿದ್ದು ಒಂದೇ ಮಾತು. "ಅತ್ತೆ, ಹಾಲು ಬಿಡದ್ ಕರೂನ ತೊಳೂಗೆ ಬಿಡ್ತಾರಾ?"

"ಅದ್ಯಾವ್ ಪಾಪಿ ಬಿಡ್ತಾನೆ."

"ಇವ್ಳಿನ್ನೂ ಹಾಲು ಬಿಟ್ಟಿಲ್ಲ. ದಿನಾ ಐದ್ ಗಂಟೆಗೆ ಗೇಟಾಗ್ ನಿಂತು ನಿಮ್ ಮಾತೇ ಹೇಳ್ತಾಳೆ. ಬತ್ತೀನಿ ಇರು, ಎಲ್ಲೂ ಹೋಗ್ಬ್ಯಾಡ ಅಂತ."

ಮುದುಕಿ ಕತ್ತರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಚಪ್ಪರ ದಾಟಿ ಆ ಕೊನೆಗೆ ಮದ್ದು ಹೊಡೆಯಲು ಹೋಗುವಾಗ ತಾನು ಮಗುವಿಗೆ ದಿನಾ ಹೇಳುತ್ತಿದ್ದ ಮಾತು ಅದು ಎಂದಳು. ಹಾಗೆ ಹೇಳಿ ಹೋಗಿ ಯಾವತ್ತೂ ವಾಪಸು ಬಾರದೆ ಇದ್ದದ್ದಿಲ್ಲ, ಈ ಒಂದು ಸಲ ಬಿಟ್ಟು. ಕೈಯಲ್ಲಿದ್ದ ಕಾಯಿಗಳನ್ನು ಬುಟ್ಟಿಗೆ ಹಾಕಿ ಕೆಳಗೆ ಕೂತಳು. ಎಳೆಗರುವನ್ನು ಕೊಟ್ಟರೆ ಹರಕೆ ಸಲ್ಲುವುದಿಲ್ಲ, ತಪ್ಪು ಕೊಟ್ಟವರದು, ದೇವರು ಹಾಗೆ ಕೊಟ್ಟದ್ದನ್ನು ಲೆಕ್ಕಕ್ಕೇ ಇಟ್ಟಿರುವುದಿಲ್ಲ ಎಂದು ತನಗೆ ತಾನೇ ನ್ಯಾಯ ಹೇಳಿಕೊಂಡಳು. ಆಮೇಲೆ ದನಿ ಎತ್ತಿ ಮಗ ವೇಲುಸಾಮಿಯನ್ನು ಕರೆದಳು. ಮಗುವಿನ ಬದಲಿಗೆ ಈ ವರ್ಷದ ಕರು ಹೋಗಲಿ, ಹಾಲು ಬಿಟ್ಟ ಮೇಲೆ ಎಂದಳು.

ಏಪ್ರಿಲಿನ ಪರಿಶೀಲನೆಗೆ ಮೂವರು ಬಂದರು, ಅಜ್ಜಿ, ವೇಲುಸಾಮಿ, ಅವನ ಹೆಂಡತಿ ಮುತ್ತುಸೆಲ್ವಿ. ಪೊನ್ನಮ್ಮಾಳ್ ಮೊದಲೇ ಎಲ್ಲವನ್ನೂ, ತನ್ನ ಬಾವಿಯನ್ನೂ ಸೇರಿಸಿ, ಈಶ್ವರನ್ ಸಾರಿಗೆ ಹೇಳಿದ್ದಳು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಇನ್ನು ಮುಂದೆ ಗೊತ್ತಿದ್ದದ್ದನ್ನು ಅದೇ ವಾರ ಹೇಳಬೇಕು ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ತಮಿಳರಸಿ ಮಾತ್ರ ಎರಡು ದಿನ ಅವಳ ಜೊತೆ ಮಾತು ಬಿಟ್ಟಳು, ಮೂರನೆಯ ದಿನ ಜೂನಿನ ಕಡತ ತೆಗೆದು 'ಬಾಂಧವ್ಯ ದುರ್ಬಲ' ಎಂಬ ಸಾಲಿನ ಮೇಲೆ ಗೆರೆ ಎಳೆದು, ಅಲ್ಲಿ ಏನು ಬರೆಯಲಿ ಅಕ್ಕಾ ಎಂದು ಕೇಳಿದಳು. 

ಮನೆಯವರು ಹದಿನೈದು ದಿನ ಅತಿಥಿ ಕೋಣೆಯಲ್ಲಿದ್ದು ಕಾರ್ಡು ಕಲಿತರು, ಮೂಲೆಯ ನೆಮ್ಮದಿ ಜಾಗ ಹೇಗೆ ಮಾಡುವುದೆಂದು ಕಲಿತರು. ಅಳಗಮ್ಮಾಳ್‌ಗೆ ಕಿವಿಯ ಚಿತ್ರದ ಕಾರ್ಡು ಎಷ್ಟು ಹಿಡಿಸಿತೆಂದರೆ ಸೊಸೆ ಬಾಯಿ ತೆರೆದಾಗಲೆಲ್ಲ ಅದನ್ನು ತೋರಿಸತೊಡಗಿದಳು. ಯುವಶ್ರೀ ಕಟ್ಟೆಗೆ ಬರಲಿಲ್ಲ. ಐದು ಗಂಟೆಗೆ ಗೇಟಿಗೂ ಹೋಗಲಿಲ್ಲ. ಅಜ್ಜಿಯ ಸೆರಗಿನ ತುದಿ ಹಿಡಿದು, ಅವಳು ಹೋದಲ್ಲೆಲ್ಲ ಹೋಗುತ್ತಿದ್ದಳು. ಪೊನ್ನಮ್ಮಾಳ್ ಒಬ್ಬಳೇ ಸೊಪ್ಪು ಬಿಡಿಸಿದಳು, ಹಳದಿ ಎಲೆ ಸೇರಿಸಿಯೇ.

ಹೊರಡುವ ದಿನ ಬಾಡಿಗೆ ವ್ಯಾನು ಬಂತು. ಹುಡುಗಿ ಹತ್ತಿ ಕಿಟಕಿಯ ಪಕ್ಕ ಕೂತು, ಬಳ್ಳಿಯ ತುಂಡನ್ನು ತೊಡೆಯ ಮೇಲಿಟ್ಟುಕೊಂಡಳು. ಅಳಗಮ್ಮಾಳ್ ಪೊನ್ನಮ್ಮಾಳ್‌ನ ಮುಂಗೈ ಹಿಡಿದು, ಬಾ ಒಂದಿನ, ನಮ್ಮನೇಲಿ ಮಾತಿಗೇನು ಬರ ಇಲ್ಲ ಎಂದಳು. ಬರುತ್ತೇನೆ ಎಂದಳು ಪೊನ್ನಮ್ಮಾಳ್. ಆ ಮಾತನ್ನು ಈ ಗೇಟಿನಲ್ಲಿ ಹೇಳುವುದರ ತೂಕ ಎಷ್ಟೆಂದು ಅವಳಿಗೂ ಗೊತ್ತಿತ್ತು.

ಅವಳು ಕಿಟಕಿಯೊಳಗೆ ಕೈ ಹಾಕಿ ಹುಡುಗಿಯ ತಲೆಯ ಮೇಲಿಟ್ಟಳು. ಎಣ್ಣೆಯ ತಲೆ, ಬೆಚ್ಚಗಿತ್ತು. ನಿಂದು ನಿನಗೆ ಎಂದು ಗೊಣಗಿದಳು. ಬೆನ್ನು ತಿರುಗಿಸಿ ಅಂಗಳ ದಾಟತೊಡಗಿದಳು. ಕಚೇರಿಯ ಕಿಟಕಿಯಲ್ಲಿ ತಮಿಳರಸಿ ನಿಂತಿದ್ದಳು, ಕೈಯಲ್ಲಿ ಕಡತ ಇರಲಿಲ್ಲ. ಹಿಂದೆ ವ್ಯಾನಿನ ಬಾಗಿಲು ಹಾಕಿದ ಸದ್ದು, ಇಂಜಿನ್ನಿನ ಸದ್ದು, ಜಲ್ಲಿ ಕಲ್ಲಿನ ಮೇಲೆ ಚಕ್ರದ ಸದ್ದು.

ಅಂಗಳದ ಅರ್ಧದಲ್ಲಿ ಪೊನ್ನಮ್ಮಾಳ್ ನಿಂತಳು. ತಿರುಗಿ ನೋಡಿದರೆ ಕರು ಹಿಂದೆಯೇ ಬಂದುಬಿಡುತ್ತದೆ ಎನ್ನುತ್ತಾರೆ. ಗೊತ್ತಿದ್ದೇ, ಬೇಕೆಂದೇ, ತಿರುಗಿ ನೋಡಿದಳು.

ಗೇಟು ತೆರೆದಿತ್ತು. ರಸ್ತೆಯಲ್ಲಿ ಧೂಳು, ಆಚೆ ಹುಣಸೆ ಮರ. ಹಿಂದೆ ಬಂದದ್ದು ಅಡುಗೆಮನೆಯ ಬೆಕ್ಕೊಂದೇ. "ಇಲ್ಲಿ ಬಾ," ಎಂದಳು. ಅದು ಬೇರೆ ಯಾರನ್ನೋ ಕರೆದರೆಂದು ಗೇಟಿನ ಕಡೆ ನೋಡಿತು.